ಕರೆಂಟ ಹೋದ ಮ್ಯಾಲ

ಬನಹಟ್ಟಿಯೊಳಗ ಗಾಡಿ ದನಿ ಕೇಳಬೇಕಂದ್ರ
ಕರೆಂಟ ಹೋಗೂತನಾ ಕಾಯಬೇಕ್ರಿ.
ಎಡಕ್ಕ ಹನ್ನೆರಡು ಮಗ್ಗ, ಬಲಕ್ಕ ಎಂಟು,
ಹಿತ್ತಲ ಗ್ವಾಡಿ ಆಚಿಗೆ ಎಷ್ಟಂತ ಎಣಿಸಿಲ್ಲ.
ಈ ಗದ್ದಲದಾಗ ಎಂಜಿನ್ ಕೆಮ್ಮಿದರೂ
ಬಾನೆಟ್ ಮ್ಯಾಲ ಅಂಗೈ ಇಟ್ಟಽ ತಿಳಕೋಬೇಕು.

ಕಮಲಾಕ್ಷಿ ಬಾಣಕಾರ ತಂದು ನಿಂದ್ರಿಸಿದ್ದು
ಬಿಳಿ ಸ್ವಿಫ್ಟು, ಹಿಂದಿನ ಸೀಟ ತುಂಬ ಸೀರಿ ಗಂಟು.
"ಓಡೂವಾಗ ಏನೂ ಇಲ್ಲ ಗೈಬಣ್ಣಾ,
ನಿಂದ್ರೂವಾಗ ಸಾಯತೈತಿ.
ಅಥಣಿ ನಾಕಾದಾಗ ಕಾಲ ತಗದೆ, ಬಂದ್.
ಜಮಖಂಡ್ಯಾಗ ಹಂಪ ಬಂತು, ಕಾಲ ತಗದೆ, ಬಂದ್.
ಹಿಂದಿನ ಟ್ರ್ಯಾಕ್ಟರಿನಂವ ನಮ್ಮವ್ವನ್ನ ನೆನಸಿದ."

ಒಬ್ಬಂವ ಪ್ಲಗ್ ಬದಲಿ ಮಾಡ್ಯಾನ, ಇನ್ನೊಬ್ಬ ಕಾಯಿಲ್.
ಮೂರನೆಯಂವ ಪಂಪ್ ಹೋಗೇತಿ, ಆರು ಸಾವಿರ ಅಂದಾನ.
ನಾಕನೆಯಂವ ಮಾರಿಬಿಡ್ರಿ ಅಂದಾನ,
ತಾನಽ ತಗೋತೀನಂತ.

ಓಡತೈತಿ ಅಂದ್ರ ಪೆಟ್ರೋಲ್ ಬರಾಕತ್ತೈತಿ,
ಕಿಡಿ ಬೀಳಾಕತ್ತೈತಿ.
ಉಳಿದದ್ದು ಗಾಳಿ. ಅದೂ
ಸುಮ್ಮನ ನಿಂತಾಗ ಬೇಕಾಗೂ
ಒಂದ ಚಿಟಿಕಿ ಗಾಳಿ.

ಹನ್ನೊಂದಕ್ಕ ಹತ್ತು ಮಿನಿಟ ಇದ್ದಾಗ ಕರೆಂಟ ಹೋತು.
ಮಗ್ಗ ಒಂದೊಂದಾಗಿ ಅಲ್ಲ, ಎಲ್ಲಾ ಒಮ್ಮಿಗೇ ನಿಂತು.
ಓಣಿ ಮಂದಿ ಮಾತ್ರ ಇನ್ನೂ ಒದರಾಕತ್ತಿದ್ರು:
"ಏ ಕಂಡಿಕಿ ತಾರೋ!" "ಚಾ ಕುಡದ್ಯೇನೋ!"
ನಿಂತ ಮಗ್ಗದ ಮುಂದ
ಮಗ್ಗ ನಡದಷ್ಟಽ ದೊಡ್ಡ ದನಿ.
ಅವರು ಸುಮ್ಮನಾದ ಮ್ಯಾಲ ಕೇಳಿಸ್ತು ನೋಡ್ರಿ,
ಎಂಜಿನ್ ಏರೂದು, ಇಳಿಯೂದು, ಮತ್ತ ಏರೂದು,
ಕತ್ತಲ್ಯಾಗ ಮೆಟ್ಟಲಾ ಹುಡುಕೂ ಕಾಲಿನಂಗ.

ಫಿಲ್ಟರಿನ್ಯಾಗ ನೂಲಿನ ಹಿಂಜು, ಗಿಣಿ ಹಸರು,
ಈ ವರ್ಷ ಓಣಿಯೊಳಗ ನಡದ ಬಣ್ಣ.
ಪೈಪ್ ಬಿಚ್ಚಿದೆ. ಒಳಗ
ಚಾ ಕಪ್ಪಿನ ಬಾಯಿಯಷ್ಟು ಒಂದು ತಗಡು,
ಎಂಜಿನ್ ಉಸರಾಡೂ ಕದ.
ಅದರ ಅಂಚಿಗೆ ಸುತ್ತಲೂ ಮಸಿ,
ಹೊಗಿ ಮತ್ತು ಎಣ್ಣಿ ಕೂಡಿ ಕಟ್ಟಿದ್ದು,
ಬೆರಳಿಗೆ ಅಂಟೂವಂಥಾ ಕಪ್ಪ.
"ಕೈಲೆ ದೂಕಬ್ಯಾಡೋ ಮಾನಿಂಗ,
ಒಳಗ ಸಣ್ಣ ಹಲ್ಲಿನ ಚಕ್ರ ಅದಾವ.
ಮುರದ್ರ ಬಾಯಾರು ಗಾಡಿ ಬಿಟ್ಟು ನನ್ನ ಮಾರತಾರ.
ಚಾವಿ ಹಾಕಿ ಪೆಡಲ್ ಒತ್ತು, ತಾನಽ ತಕ್ಕೋತೈತಿ."
ಸ್ಪ್ರೇ ಹೊಡದದ್ದು ಅರಬಿ ಮ್ಯಾಲ, ತಗಡಿನ ಮ್ಯಾಲ ಅಲ್ಲ.
ನಮ್ಮಪ್ಪನ ಹಳೇ ಬನಿಯನ್ ಎರಡು ಹೋದುವು.

ಚಾಲೂ ಮಾಡಿದ್ರ
ಹದಿನೆಂಟ ನೂರಕ್ಕ ಏರಿ ಒದರಾಕತ್ತಿತು!
"ಕೆಡಿಸಿದ್ಯಲ್ಲೋ ಗೈಬಣ್ಣಾ."
"ಇಲ್ರಿ ಬಾಯಾರ, ಅದು ಹೊಲಸಿಗೆ ಒಗ್ಗಿತ್ತು.
ದಾರಿ ಕಟ್ಟಿದಷ್ಟೂ ಕದ ಒಂದೀಟು ಹೆಚ್ಚು ತಗಿಯೂದು ಕಲತಿತ್ತು.
ಈಗ ದಾರಿ ಸ್ವಚ್ಛ ಐತಿ,
ಕಲತದ್ದು ಇನ್ನೂ ಮರತಿಲ್ಲ."

ಹೇಳಿ ಮುಗಿಸಿದ ಮ್ಯಾಲ ನೋಡತೀನಿ,
ಮಾನಿಂಗ ಕಿವಿ ಮುಚ್ಚಕೊಂಡಾನ.
ಎಂಜಿನ್ ನಾನಽ ಯಾವಾಗೋ ಬಂದ್ ಮಾಡೀನಿ,
ಮಗ್ಗ ನಿಂತು ಅರ್ಧ ತಾಸು ಆಗೇತಿ,
ನಾ ಒಬ್ಬನಽ ಒದರಾಕತ್ತೀನಿ.
ಒಂಬತ್ತಕ್ಕ ಹತ್ತಿದ್ದು ಮಗ್ಗ, ಬಿಟ್ಟಿದ್ದು ಹತ್ತೊಂಬತ್ತಕ್ಕ.
ರಾತ್ರಿ ಹಾಸಿಗ್ಯಾಗ ನಮ್ಮ ಹುಸೇನಬಿ ಈಗೂ
"ಎದರ ಮನ್ಯಾರು ಎದ್ದಾರು, ಮೆಲ್ಲಕ" ಅಂತಾಳ.

ಬ್ಯಾಟರಿ ಮೈನಸ್ ಬಿಚ್ಚಿ ಇಟ್ಟೆ.
ಹತ್ತು ಮಿನಿಟ ಯಾರೂ ಏನೂ ಮಾಡಲಿಲ್ಲ.
ಚಾ ಬಂತು.
ಆಮ್ಯಾಲ ಚಾವಿ. ಏಸಿ ಇಲ್ಲ, ಪೆಡಲಿಗೆ ಕಾಲಿಲ್ಲ.
ಹನ್ನೆರಡ ನೂರು… ಸಾವಿರ… ಒಂಬೈನೂರು…
ಅದಕ್ಕ ಯಾರೂ ಏನೂ ಹೇಳಬಾರದು,
ತಾನಽ ಹುಡಿಕ್ಕೋಬೇಕು ತನ್ನ ಮೆಟ್ಟಲಾ.
ಏಳುನೂರಾ ಐವತ್ತಕ್ಕ ಕುಂತಿತು,
ಮುಳ್ಳ ಅಲಗಾಡಲಿಲ್ಲ.

ಆಗಽ ಕರೆಂಟ ಬಂತು.
ಇಪ್ಪತ್ತೂ ಮಗ್ಗ ಕೂಡಿ ಹೊಡದುವು.
ಬಾಯಾರು ಏನೋ ಅಂದ್ರು, ತುಟಿಯಷ್ಟಽ ಕಂಡುವು.
ಮೂರ ಬೆರಳ ಎತ್ತಿದೆ, ಮುನ್ನೂರು.
ಅಕಿ ಎರಡ ಎತ್ತಿದ್ಲು.
ಆಮ್ಯಾಲ ಇನ್ನೊಂದ ಕೈ ಬಾನೆಟ್ ಮ್ಯಾಲ ಇಟ್ಟು,
ಅಲ್ಲೇ ಇಟ್ಟು,
ಮೂರನೇದೂ ಬಿಚ್ಚಿದ್ಲು.